ಹಳೆಯ ಕಾರಿನ ಬ್ರೇಕ್ ಕ್ಯಾಲಿಪರ್ ಸೋರುತ್ತಿದೆಯೇ? ಬಿಚ್ಚುವುದರಿಂದ ಏರ್ ತೆಗೆಯುವವರೆಗೆ ಸಮಗ್ರ ಮಾರ್ಗದರ್ಶಿ

ಸೀಲ್ ಕಿಟ್ ಹಾಕಿಸಿ ಎರಡು ತಿಂಗಳಾಗಿರುವುದಿಲ್ಲ, ಮತ್ತೆ ಅದೇ ಚಕ್ರದ ಒಳಮೈ ಒದ್ದೆ. ಇಲ್ಲವೇ ಸೋರುವುದು ನಿಂತಿರುತ್ತದೆ, ಆದರೆ ಬ್ರೇಕ್ ಹಿಡಿದದ್ದು ಬಿಡುವುದೇ ಇಲ್ಲ, ಚಕ್ರ ಕಾದು ವಾಸನೆ ಬರುತ್ತದೆ. ಕ್ಯಾಲಿಪರ್ ಎಂದರೆ ಪ್ಯಾಡ್‌ಗಳಿಂದ ಡಿಸ್ಕನ್ನು ಹಿಡಿದು ಚಕ್ರ ನಿಲ್ಲಿಸುವ ಭಾಗ. ಹಳೆಯ ಕಾರಿನ ಕ್ಯಾಲಿಪರ್ ಬಿಚ್ಚಿದವರಲ್ಲಿ ಬಹಳ ಮಂದಿ ಈ ಎರಡರಲ್ಲಿ ಒಂದಕ್ಕೆ ಸಿಕ್ಕಿಬೀಳುತ್ತಾರೆ. ಎರಡಕ್ಕೂ ಕಾರಣ ಹೆಚ್ಚಾಗಿ ಒಂದೇ. ರಬ್ಬರ್ ಬದಲಾಯಿಸುತ್ತಾರೆ, ಆ ರಬ್ಬರ್ ಯಾಕೆ ಸೋತಿತು ಎಂದು ನೋಡುವುದಿಲ್ಲ. ಹೊಸ ಸೀಲ್ ಉಳಿಯುತ್ತದೋ ಇಲ್ಲವೋ ಎನ್ನುವುದನ್ನು ಪ್ಯಾಡನ್ನು ಒತ್ತುವ ಪಿಸ್ಟನ್ನಿನ ಮೈ ಮತ್ತು ಸೀಲ್ ಕೂರುವ ತೋಡು ತೀರ್ಮಾನಿಸುತ್ತವೆ.

ಇಲ್ಲಿ ಹೇಳಿರುವ ಕ್ರಮ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ ಸಣ್ಣ ಕಾರುಗಳಿಗೆ ಹೊಂದುತ್ತದೆ. ಮಾರುತಿ ಆಲ್ಟೊ, ಝೆನ್, ವ್ಯಾಗನ್ ಆರ್, ಹುಂಡೈ ಸ್ಯಾಂಟ್ರೊ ಈ ಬಗೆಯವು. ಇವುಗಳ ಕ್ಯಾಲಿಪರ್‌ನಲ್ಲಿ ಒಂದೇ ಪಿಸ್ಟನ್ ಇರುತ್ತದೆ. ಕ್ಯಾಲಿಪರ್ ಎರಡು ಸ್ಲೈಡ್ ಪಿನ್‌ಗಳ ಮೇಲೆ ಆಚೀಚೆ ಜಾರುತ್ತದೆ. ಎಬಿಎಸ್ ಇರುವ ಕಾರಾದರೆ ಬಿಚ್ಚಿ ಜೋಡಿಸುವ ಕೆಲಸ ಹೀಗೇ ಇದ್ದರೂ ಫ್ಲೂಯಿಡ್ ದಾರಿಯಲ್ಲಿ ಸೇರಿದ ಏರ್ (ಗಾಳಿ) ತೆಗೆಯಲು ಕೆಲವೊಮ್ಮೆ ಸ್ಕ್ಯಾನರ್ ಬೇಕಾಗುತ್ತದೆ. ಆ ಭಾಗವನ್ನು ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ಮಾಡಿ.

ಬ್ರೇಕ್ ಕೆಲಸದಲ್ಲಿ ಅನುಮಾನ ಇಟ್ಟುಕೊಂಡು ಮುಂದೆ ಹೋಗಬಾರದು. ಯಾವ ಹಂತದಲ್ಲಾದರೂ ಖಾತ್ರಿ ಇಲ್ಲ ಎನಿಸಿದರೆ ಕಾರನ್ನು ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಮನೆಗೆ ಕರೆಸಿ. ಅರ್ಧ ಬ್ರೇಕ್‌ನಲ್ಲಿ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ.

## 1. ಸೋರುತ್ತಿರುವುದು ಕ್ಯಾಲಿಪರ್ ಹೌದೇ?

ಬಾನೆಟ್ ಎತ್ತಿ ಬ್ರೇಕ್ ಫ್ಲೂಯಿಡ್ ಡಬ್ಬಿ ನೋಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ಮಟ್ಟ ನಿಧಾನವಾಗಿ ಇಳಿಯುತ್ತದೆ. ಅದು ಸೋರಿಕೆಯಲ್ಲ. ವಾರದೊಳಗೆ ಕಣ್ಣಿಗೆ ಕಾಣುವಷ್ಟು ಇಳಿದರೆ, ಅಥವಾ ತುಂಬಿಸಿದ ಮೇಲೂ ಇಳಿದರೆ, ಎಲ್ಲೋ ಸೋರುತ್ತಿದೆ.

ಚಕ್ರದ ಒಳಮೈಯಲ್ಲಿ ಒದ್ದೆ ಕಂಡರೆ ಬೆರಳಿಗೆ ಹಚ್ಚಿಕೊಂಡು ನೀರು ಸುರಿಯಿರಿ. ಬ್ರೇಕ್ ಫ್ಲೂಯಿಡ್ ನೀರಿನಲ್ಲಿ ಕರಗಿ ಹೋಗುತ್ತದೆ. ಎಂಜಿನ್ ಅಥವಾ ಗೇರ್ ಆಯಿಲ್ ಆದರೆ ನೀರು ಹನಿಯಾಗಿ ನಿಲ್ಲುತ್ತದೆ, ಜಿಡ್ಡು ಬಿಡುವುದಿಲ್ಲ. ಆಕ್ಸಲ್ ಬೂಟ್ ಹರಿದು ಎರಚಿದ ಗ್ರೀಸ್ ಕಪ್ಪಗೆ ದಪ್ಪಗೆ ಇರುತ್ತದೆ. ಅದನ್ನು ಕಂಡು ಕ್ಯಾಲಿಪರ್ ಬಿಚ್ಚುವವರೂ ಇದ್ದಾರೆ.

ಫ್ಲೂಯಿಡ್ ಎಂದು ಖಾತ್ರಿಯಾದ ಮೇಲೆ 3ನೇ ಹಂತದಲ್ಲಿ ಹೇಳಿದಂತೆ ಕಾರು ಎತ್ತಿ ಚಕ್ರ ಕಳಚಿ, ಕ್ಯಾಲಿಪರನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಎಂಜಿನ್ ಚಾಲೂ ಮಾಡಿಸಿ ಒಬ್ಬರು ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಲಿ. ನೀವು ಟಾರ್ಚ್ ಹಿಡಿದು ನಾಲ್ಕು ಜಾಗ ನೋಡಿ: ಪಿಸ್ಟನ್ನಿನ ಸುತ್ತ ಧೂಳು ತಡೆಯುವ ರಬ್ಬರ್ ಆದ ಡಸ್ಟ್ ಬೂಟಿನ ಅಂಚು, ಫ್ಲೂಯಿಡ್ ತರುವ ಹೋಸ್ ಬಂದು ಸೇರುವ ಬ್ಯಾಂಜೊ ಬೋಲ್ಟ್, ಏರ್ ತೆಗೆಯಲು ಇರುವ ಬ್ಲೀಡರ್ ನಿಪ್ಪಲ್, ಹೋಸಿನ ಉದ್ದಕ್ಕೂ ಇರುವ ರಬ್ಬರ್. ಬೂಟಿನ ಒಳಗಿನಿಂದ ಬಂದರೆ ಮಾತ್ರ ಪಿಸ್ಟನ್ ಸೀಲ್ ಹೋಗಿದೆ. ಬ್ಯಾಂಜೊ ಹತ್ತಿರ ಬಂದರೆ ಎರಡು ತಾಮ್ರದ ವಾಷರ್ ಬದಲಾಯಿಸಿದರೆ ಮುಗಿಯಿತು. ನಿಪ್ಪಲ್ ಸೋರಿದರೆ ನಿಪ್ಪಲ್ಲು, ಹೋಸ್ ಬಿರುಕು ಬಿಟ್ಟಿದ್ದರೆ ಹೋಸು. ಈ ನೋಟಕ್ಕೆ ಹತ್ತು ನಿಮಿಷ ಸಾಕು, ಒಂದು ದಿನದ ಕೆಲಸ ಉಳಿಯಬಹುದು.

ಪೆಡಲ್ ನಿಧಾನವಾಗಿ ನೆಲದ ಕಡೆಗೆ ಇಳಿಯುತ್ತಿದ್ದು ಹೊರಗೆ ಎಲ್ಲೂ ಒದ್ದೆ ಇಲ್ಲವೆಂದರೆ ತೊಂದರೆ ಪೆಡಲಿನ ಒತ್ತಡವನ್ನು ಫ್ಲೂಯಿಡಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನದು. ಹಿಂದಿನ ಚಕ್ರದ ಡ್ರಮ್ ತಳದಲ್ಲಿ ಒದ್ದೆ ಇದ್ದರೆ ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್ ನೋಡಬೇಕು.

ಸೀಲ್ ಸೋರುತ್ತಿರುವ ಕಾರನ್ನು ಡಬ್ಬಿ ತುಂಬಿಸಿಕೊಂಡು ಓಡಿಸುತ್ತಿರಬೇಡಿ. ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಬೀಳುವ ಒತ್ತಡ ಊರೊಳಗಿನ ಓಡಾಟಕ್ಕೆ ಹೋಲಿಸಲಾಗದ್ದು. ಊರಿನಲ್ಲಿ ತೊಟ್ಟಿಕ್ಕುತ್ತಿದ್ದ ಸೀಲ್ ಅಲ್ಲಿ ಪೂರ್ತಿ ಕೈಕೊಡಬಹುದು.

## 2. ಬಿಚ್ಚುವ ಮೊದಲು ಕೈಯಲ್ಲಿ ಇರಬೇಕಾದ್ದು

ಸಾಮಾನು ಪೂರ್ತಿ ಬರುವವರೆಗೆ ಕಾರಿಗೆ ಕೈ ಹಚ್ಚಬೇಡಿ. ಅರ್ಧ ಬಿಚ್ಚಿಟ್ಟು ಅಂಗಡಿಗೆ ಹೋದರೆ ಹೋಸ್ ತೆರೆದುಕೊಂಡು ಕೂತಿರುತ್ತದೆ, ಡಬ್ಬಿ ಖಾಲಿಯಾಗಿ ಮಾಸ್ಟರ್ ಸಿಲಿಂಡರಿಗೂ ಏರ್ ಸೇರುತ್ತದೆ.

ಬಿಡಿಭಾಗಗಳು. ಎರಡೂ ಮುಂದಿನ ಚಕ್ರಕ್ಕೆ ಕ್ಯಾಲಿಪರ್ ಕಿಟ್. ಮೈನರ್ ಕಿಟ್‌ನಲ್ಲಿ ಸಾಮಾನ್ಯವಾಗಿ ರಬ್ಬರ್ ಭಾಗಗಳಷ್ಟೇ ಇರುತ್ತವೆ, ಮೇಜರ್ ಕಿಟ್ ಎಂದರೆ ಪಿಸ್ಟನ್ ಕೂಡ ಸೇರಿರುತ್ತದೆ. ಹತ್ತು ವರ್ಷ ದಾಟಿದ ಕಾರಿಗೆ ಮೇಜರ್ ಕಿಟ್ ತರುವುದೇ ಜಾಣತನ. ಜೊತೆಗೆ ನಾಲ್ಕು ಹೊಸ ತಾಮ್ರದ ವಾಷರ್, ಒಂದು ಸೆಟ್ ಡಿಸ್ಕ್ ಪ್ಯಾಡ್, ಎರಡು ಬ್ಲೀಡರ್ ನಿಪ್ಪಲ್, ಸ್ಲೈಡ್ ಪಿನ್‌ನ ರಬ್ಬರ್ ಬೂಟುಗಳು. ಹೋಸ್ ಹಳೆಯದಾಗಿ ಬಿರುಕು ಕಾಣುತ್ತಿದ್ದರೆ ಅದೂ ಇರಲಿ. ಕಾರಿನ ಮಾಡೆಲ್, ತಯಾರಾದ ವರ್ಷ, ಸಾಧ್ಯವಾದರೆ ಚಾಸಿಸ್ ನಂಬರ್ ಹೇಳಿ ಕೇಳಿ. ಒಂದೇ ಹೆಸರಿನ ಕಾರಿಗೆ ವರ್ಷದಿಂದ ವರ್ಷಕ್ಕೆ ಪಿಸ್ಟನ್ ಅಳತೆ ಬೇರೆಯಾಗಿರಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಲವು ಕಂಪನಿಗಳ ಕಿಟ್ ಸಿಗುತ್ತವೆ. ಬೆಲೆ ನೋಡಿ ಆರಿಸುವ ಸಾಮಾನು ಇದಲ್ಲ, ಬ್ರೇಕ್ ರಬ್ಬರನ್ನು ಕಂಪನಿಯ ಪ್ಯಾಕೆಟ್ಟಿನಲ್ಲೇ ತನ್ನಿ.

ಬ್ರೇಕ್ ಫ್ಲೂಯಿಡ್. ಅಂಗಡಿಯಲ್ಲಿ ಬ್ರೇಕ್ ಆಯಿಲ್ ಎಂದೇ ಕೇಳುತ್ತೇವೆ. ಕಾರಿನ ಫ್ಲೂಯಿಡ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯನ್ನೇ ತನ್ನಿ, ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4 ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು. ನೀರು ಹೀರಿಕೊಂಡ ಮೇಲೆ ಈ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ. ಗಾಳಿಯಲ್ಲಿನ ತೇವ ಹೀರುವುದು ಈ ದ್ರವದ ಸ್ವಭಾವ. ಹಾಗಾಗಿ ಸೀಲ್ ಒಡೆಯದ ಬಾಟಲಿಯೇ ಬೇಕು, ಮನೆಯಲ್ಲಿ ಹಿಂದೆಂದೋ ತೆರೆದಿಟ್ಟಿದ್ದು ಬೇಡ. ಎರಡು ಚಕ್ರಕ್ಕೆ ಅರ್ಧ ಲೀಟರ್ ಸಾಕು. ನಾಲ್ಕೂ ಚಕ್ರದ ಹಳೆಯ ಫ್ಲೂಯಿಡ್ ತೆಗೆದು ಹೊಸದು ತುಂಬುವುದಾದರೆ ಒಂದು ಲೀಟರ್. ಡಾಟ್ 5 ಎಂಬುದು ಸಿಲಿಕೋನ್ ಆಧಾರಿತ, ಇದಕ್ಕೆ ಬೆರೆಸಬಾರದು.

ಉಪಕರಣಗಳು. ಜಾಕಿ, ಒಂದು ಜೊತೆ ಜಾಕ್ ಸ್ಟ್ಯಾಂಡ್, ಸಾಕೆಟ್ ಸೆಟ್, ನಿಪ್ಪಲ್‌ಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ (8 ಅಥವಾ 10 ಎಂ.ಎಂ.), ಟಾರ್ಕ್ ರೆಂಚ್, ಸಿ ಕ್ಲ್ಯಾಂಪ್, ತಂತಿ ಬ್ರಷ್, ಗಟ್ಟಿ ಪ್ಲಾಸ್ಟಿಕ್ ಅಥವಾ ಬಿದಿರಿನ ಕಡ್ಡಿ, ಹಳೆಯ ಟೂತ್ ಬ್ರಷ್, ಬ್ರೇಕ್ ಕ್ಲೀನರ್ ಸ್ಪ್ರೇ, ಐಸೊಪ್ರೊಪೈಲ್ ಆಲ್ಕೊಹಾಲ್, ನಿಪ್ಪಲ್‌ಗೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪು, ಒಂದು ಬಾಟಲಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್, 20 ಎಂ.ಎಂ. ದಪ್ಪದ ಮರದ ತುಂಡು. ಕೈಗವಸು, ಕನ್ನಡಕ, ಮಾಸ್ಕ್ ಬೇಕೇ ಬೇಕು. ಬ್ರೇಕಿನ ಧೂಳನ್ನು ಗಾಳಿ ಊದಿ ಹಾರಿಸಬೇಡಿ, ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಿ.

ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ಬ್ರೇಕ್ ರಬ್ಬರಿನ ಹತ್ತಿರವೂ ಸುಳಿಯಬಾರದು. ಪೆಟ್ರೋಲಿಯಂ ತಾಗಿದರೆ ಈ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಹಾಗಾಗಿದ್ದನ್ನು ಸರಿಮಾಡಲು ಬರುವುದಿಲ್ಲ.

## 3. ಕಾರನ್ನು ಎತ್ತಿ ನಿಲ್ಲಿಸುವುದು

ಸಮತಟ್ಟಾದ ಗಟ್ಟಿ ನೆಲ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಇಟ್ಟಿಗೆ, ಹಾಲೋ ಬ್ಲಾಕ್ ಬೇಡ, ಅವು ಸೂಚನೆ ಕೊಡದೆ ಪುಡಿಯಾಗುತ್ತವೆ.

ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದು ಬದಿಗೆ ಹೋಗಿ. ಜೋಡಿಸುವಾಗ ಸಂಶಯ ಬಂದರೆ ಆಚೆ ಬದಿ ನೋಡಿಕೊಳ್ಳಬಹುದು. ಅಷ್ಟೇ ಅಲ್ಲ, ಪೆಡಲ್ ಒತ್ತಿ ಪಿಸ್ಟನ್ ಹೊರದೂಡುವಾಗ ಆಚೆ ಬದಿಯ ಕ್ಯಾಲಿಪರ್ ಜೋಡಿಸಿಯೇ ಇರಬೇಕು.

## 4. ಬಿಚ್ಚುವ ಕ್ರಮ

ಇಲ್ಲಿ ಕ್ರಮ ತಪ್ಪಿದರೆ ಮುಂದಿನ ಕೆಲಸ ಕಷ್ಟವಾಗುತ್ತದೆ. ಕ್ಯಾಲಿಪರ್ ಇನ್ನೂ ಗಟ್ಟಿಯಾಗಿ ಕೂತಿರುವಾಗಲೇ ಮೊದಲು ಬ್ಲೀಡರ್ ನಿಪ್ಪಲ್, ನಂತರ ಬ್ಯಾಂಜೊ ಬೋಲ್ಟ್ ಎರಡನ್ನೂ ಕಾಲು ಸುತ್ತು ಸಡಿಲಿಸಿ, ಮತ್ತೆ ಮೆಲ್ಲಗೆ ಬಿಗಿ ಮಾಡಿ. ಕ್ಯಾಲಿಪರ್ ಕೈಗೆ ಬಂದ ಮೇಲೆ ಇವನ್ನು ತಿರುಗಿಸಲು ಹಿಡಿತ ಸಿಗುವುದಿಲ್ಲ.

ನಿಪ್ಪಲ್ ತುಕ್ಕು ಹಿಡಿದು ಕೂತಿದ್ದರೆ ಬಲ ಹಾಕಬೇಡಿ. ಅದರ ಮಧ್ಯೆ ತೂತಿರುವುದರಿಂದ ಸುಲಭವಾಗಿ ಮುರಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ತಿರುಪಿನ ಎಳೆಯ ಮೇಲೆ ಹನಿಸಿ ಕೆಲವು ಗಂಟೆ ಬಿಡಿ, ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಆಮೇಲೆ ಬಿಗಿ ಮಾಡುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ ನಂತರ ಸಡಿಲಿಸಿ. ಓಪನ್ ಸ್ಪ್ಯಾನರ್ ಹಾಕಿದರೆ ಆರು ಮೂಲೆಯೂ ಉರುಟಾಗುತ್ತದೆ. ಮುರಿದೇ ಹೋದರೆ ಲೇತ್‌ನಲ್ಲಿ ಕೊರೆಸಿ ತೆಗೆಸುವುದಕ್ಕಿಂತ ಹೊಸ ಕ್ಯಾಲಿಪರ್ ಹಾಕುವುದು ಒಳ್ಳೆಯದು.

ಈಗ ಸ್ಲೈಡ್ ಪಿನ್‌ಗಳ ಬೋಲ್ಟ್ ತೆಗೆದು ಕ್ಯಾಲಿಪರನ್ನು ಎತ್ತಿ. ಹೋಸಿನಲ್ಲಿ ಜೋತುಬೀಳಲು ಬಿಡಬೇಡಿ, ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಜೋತುಬಿದ್ದ ಹೋಸಿನ ಒಳಪದರ ಹರಿದರೆ ಹೊರಗೆ ಏನೂ ಕಾಣುವುದಿಲ್ಲ, ತಿಂಗಳ ನಂತರ ಬ್ರೇಕ್ ಬಿಡದೆ ಹಿಡಿದುಕೊಳ್ಳುತ್ತದೆ. ಪ್ಯಾಡ್, ಕ್ಲಿಪ್ ತೆಗೆಯುವ ಮುನ್ನ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಮೇಲಿನ ಪಿನ್ ಯಾವುದು, ಕೆಳಗಿನದು ಯಾವುದು ಎಂದು ಗುರುತು ಹಾಕಿ, ಹಲವು ಕಾರುಗಳಲ್ಲಿ ಎರಡೂ ಒಂದೇ ಅಲ್ಲ.

ಫ್ಲೂಯಿಡ್ ತಾಗಿದ ಪ್ಯಾಡ್ ಎಸೆಯಿರಿ, ಎರಡೂ ಬದಿಯದನ್ನು ಒಟ್ಟಿಗೆ ಬದಲಾಯಿಸಿ. ಒಣಗಿಸಿ, ಉಜ್ಜಿ, ಬೆಂಕಿಗೆ ಹಿಡಿದು ಮತ್ತೆ ಹಾಕುವ ಅಭ್ಯಾಸ ಕೆಲವೆಡೆ ಇದೆ. ಒಳಗೆ ಹೀರಿಕೊಂಡ ಫ್ಲೂಯಿಡ್ ಕಾದಾಗ ಮತ್ತೆ ಮೇಲೆ ಬರುತ್ತದೆ, ಕಾರು ಬ್ರೇಕ್ ಹಾಕಿದಾಗ ಒಂದು ಕಡೆಗೆ ಎಳೆಯುತ್ತದೆ.

## 5. ಪಿಸ್ಟನ್ ಹೊರತೆಗೆಯುವುದು

ಸುರಕ್ಷಿತ ದಾರಿ ಕಾರಿನ ಬ್ರೇಕ್ ಪೆಡಲ್ಲೇ. ಹೋಸ್ ಇನ್ನೂ ಜೋಡಿಸಿಯೇ ಇರಲಿ. ಪಿಸ್ಟನ್ನಿನ ಎದುರು ಮರದ ತುಂಡು ಇಟ್ಟು, ಒಬ್ಬರು ಪೆಡಲನ್ನು ಸ್ವಲ್ಪ ಸ್ವಲ್ಪವೇ ಒತ್ತಲಿ. ಪಿಸ್ಟನ್ ಮರಕ್ಕೆ ತಾಗಿ ನಿಲ್ಲುತ್ತದೆ. ನಡುವೆ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಿ. ಪಿಸ್ಟನ್ ಬಹುಪಾಲು ಹೊರಬಂದು ಇನ್ನು ಕೆಲವೇ ಎಂ.ಎಂ. ಒಳಗಿದೆ ಎನ್ನುವಾಗ ನಿಲ್ಲಿಸಿ.

ಪೆಡಲ್ ಪೂರ್ತಿ ನೆಲಕ್ಕೆ ಹೋಗಬಾರದು. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ದಿನವೂ ಸವೆಯುವ ಭಾಗ ನುಣುಪಾಗಿರುತ್ತದೆ, ಅದರಾಚೆ ತುಕ್ಕು, ಕೊಳೆ ಕೂತಿರುತ್ತದೆ. ಒಂದೇ ಸಲ ನೆಲದವರೆಗೆ ತುಳಿದರೂ ಆ ಭಾಗಕ್ಕೆ ಉಜ್ಜಿ ಅದರ ರಬ್ಬರ್ ಹರಿಯಬಹುದು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಬಿಡಿ. ಕ್ಯಾಲಿಪರ್ ಸರಿಯಾಯಿತು, ಈಗ ಪೆಡಲ್ ಇಳಿಯುತ್ತಿದೆ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ನಂತರ ಪೆಡಲನ್ನು ಒಂದೆರಡು ಇಂಚು ಒತ್ತಿದ ಸ್ಥಿತಿಯಲ್ಲಿ ಸೀಟಿಗೆ ಕೋಲು ಕೊಟ್ಟು ನಿಲ್ಲಿಸಿ. ಮಾಸ್ಟರ್ ಸಿಲಿಂಡರಿನೊಳಗೆ ಡಬ್ಬಿಯಿಂದ ಬರುವ ದಾರಿ ಮುಚ್ಚಿಕೊಳ್ಳುತ್ತದೆ, ಹೋಸ್ ಬಿಚ್ಚಿದರೂ ಫ್ಲೂಯಿಡ್ ಧಾರೆಯಾಗಿ ಹರಿಯುವುದಿಲ್ಲ. ಬ್ರೇಕ್ ಲೈಟ್ ಉರಿದು ಬ್ಯಾಟರಿ ಇಳಿಯದಂತೆ ಅದರ ಫ್ಯೂಸ್ ತೆಗೆಯಿರಿ. ಬ್ಯಾಂಜೊ ಬೋಲ್ಟ್ ಕಳಚಿ, ಹೋಸಿನ ತುದಿಗೆ ಶುದ್ಧ ಪ್ಲಾಸ್ಟಿಕ್ ಸುತ್ತಿ ಮೇಲ್ಮುಖವಾಗಿ ಕಟ್ಟಿ. ಈಗ ಪಿಸ್ಟನ್ ಕೈಯಿಂದಲೇ ತಿರುಗಿಸುತ್ತಾ ಎಳೆದರೆ ಬರುತ್ತದೆ.

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹಿಡಿಸಿ ಪಿಸ್ಟನ್ ಹಾರಿಸುವುದು ಅಪಾಯದ ಕೆಲಸ. ಬೇರೆ ದಾರಿ ಇಲ್ಲದಿದ್ದರೆ ಒತ್ತಡ ಅತಿ ಕಡಿಮೆ ಇಟ್ಟು, ಮರದ ತುಂಡು ಮತ್ತು ದಪ್ಪ ಬಟ್ಟೆ ತುರುಕಿ, ಬೆರಳು ಪಿಸ್ಟನ್ ಎದುರಿಗೆ ಬಾರದಂತೆ ಹಿಡಿಯಿರಿ. ಪಿಸ್ಟನ್ ಗುಂಡಿನಂತೆ ಹಾರುತ್ತದೆ, ಬೆರಳಿನ ಮೂಳೆ ಮುರಿಯುತ್ತದೆ. ಇಕ್ಕಳದಲ್ಲಿ ಪಿಸ್ಟನ್ ಮೈ ಹಿಡಿದು ಎಳೆದರೆ ಅದು ಮತ್ತೆ ಬಳಕೆಗೆ ಬಾರದು.

## 6. ನೋಡಿ ತೀರ್ಮಾನಿಸುವುದು: ರಿಪೇರಿಯೋ, ಹೊಸ ಕ್ಯಾಲಿಪರೋ?

ಇಡೀ ಕೆಲಸದ ತಿರುಳು ಇದು. ಅವಸರ ಬೇಡ.

ಈ ಬಗೆಯ ಕ್ಯಾಲಿಪರಿನಲ್ಲಿ ಸೀಲ್ ಚೌಕ ಅಂಚಿನ ರಬ್ಬರ್ ಬಳೆ. ಅದು ಕ್ಯಾಲಿಪರಿನ ಒಳಗೋಡೆಯ ತೋಡಿನಲ್ಲಿ ಕೂತಿರುತ್ತದೆ, ಪಿಸ್ಟನ್ ಅದರ ಮೂಲಕ ಜಾರುತ್ತದೆ. ಹಾಗಾಗಿ ಫ್ಲೂಯಿಡನ್ನು ತಡೆಯುವುದು ಎರಡೇ ಮೇಲ್ಮೈ: ಪಿಸ್ಟನ್ನಿನ ಮೈ ಮತ್ತು ತೋಡಿನ ಒಳಮೈ. ತೋಡಿನಿಂದಾಚೆ ಒಳಗೋಡೆಯಲ್ಲಿ ಒಂದೆರಡು ಸಣ್ಣ ಗುಳಿ ಇದ್ದರೆ ಸೋರುವುದಿಲ್ಲ. ಇದು ತಿಳಿಯದೆ ಒಳಗೋಡೆಗೆ ಎಮೆರಿ ಕಾಗದ ಹಿಡಿದು ಉಜ್ಜಿ ಉಜ್ಜಿ ಹೊಳಪು ಮಾಡುತ್ತಾರೆ. ಅದರಿಂದ ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು ದೊಡ್ಡದಾಗುತ್ತದೆ, ಬ್ರೇಕ್ ಒತ್ತಿದಾಗ ಸೀಲಿನ ಅಂಚು ಆ ಸಂದಿಗೆ ನುಗ್ಗಿ ತುಂಡಾಗುತ್ತದೆ.

ಪಿಸ್ಟನ್ ಒರೆಸಿ ಬೆಳಕಿಗೆ ಹಿಡಿದು ತಿರುಗಿಸಿ, ಉಗುರು ಎಳೆದು ನೋಡಿ. ಉಗುರು ತಡೆದರೆ, ಕ್ರೋಮ್ ಎದ್ದಿದ್ದರೆ, ತುಕ್ಕಿನ ಗುಳಿ ಇದ್ದರೆ ಹೊಸ ಪಿಸ್ಟನ್ ಹಾಕಿ. ಎಮೆರಿ ಹಾಕಿ ಹೊಳೆಯುವಂತೆ ಮಾಡಿದರೆ ಉಳಿದ ಕ್ರೋಮ್ ಕೂಡ ಹೋಗುತ್ತದೆ, ಮುಂದಿನ ಮಳೆಗಾಲದಲ್ಲಿ ಅಲ್ಲೇ ತುಕ್ಕು ಏಳುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡಿದ ಕಾರುಗಳಲ್ಲಿ ಈ ಗುಳಿಗಳು ಬೇಗ ಬರುತ್ತವೆ.

ಗುಳಿಗಳು ಹೆಚ್ಚಾಗಿ ಪಿಸ್ಟನ್ನಿನ ಹೊರತುದಿಯ ಕಡೆಗೆ, ಡಸ್ಟ್ ಬೂಟಿಗೂ ಸೀಲಿಗೂ ನಡುವೆ ಇರುತ್ತವೆ. ಬೂಟ್ ಹರಿದು ನೀರು ಸೇರುವ ಜಾಗ ಅದೇ. ಹೊಸ ಪ್ಯಾಡ್ ಹಾಕಿಸಿದ ವಾರದಲ್ಲೇ ಲೀಕ್ ಶುರುವಾಯಿತು ಎಂದು ಜನ ಗೊಂದಲಕ್ಕೆ ಬೀಳುವುದೂ ಇದರಿಂದಲೇ. ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ ಒಳಗೆ ಒತ್ತಿದಾಗ ತುಕ್ಕು ಹಿಡಿದ ಭಾಗ ಸೀಲಿನ ಕೆಳಗೆ ಬಂದು ಅದನ್ನು ಕೊರೆಯುತ್ತದೆ.

ಹಳೆಯ ಸೀಲನ್ನು ಬಿದಿರಿನ ಕಡ್ಡಿಯಿಂದ ಎಬ್ಬಿಸಿ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿದರೆ ತೋಡಿಗೆ ಗೀರು ಬೀಳುತ್ತದೆ, ಆ ಗೀರೇ ಮುಂದೆ ಸೋರುವ ದಾರಿ. ತೆಗೆದ ಸೀಲ್ ನೋಡಿ: ಗಟ್ಟಿಯಾಗಿ ಬಿರುಸಾಗಿದ್ದರೆ ವಯಸ್ಸು ಮತ್ತು ಶಾಖ. ಉಬ್ಬಿ ಮೆತ್ತಗಾಗಿದ್ದರೆ ಯಾರೋ ತಪ್ಪು ಎಣ್ಣೆ ಹಾಕಿದ್ದಾರೆ. ಹಾಗಿದ್ದಲ್ಲಿ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಹೋಸ್‌ಗಳ ರಬ್ಬರೂ ಕೆಟ್ಟಿರುತ್ತದೆ. ಅವೆಲ್ಲವನ್ನೂ ಬದಲಾಯಿಸದೆ ಕ್ಯಾಲಿಪರ್ ಒಂದನ್ನೇ ಸರಿಪಡಿಸಿ ಪ್ರಯೋಜನವಿಲ್ಲ.

ಹೊಸ ಕ್ಯಾಲಿಪರ್ ಹಾಕಬೇಕಾದ ಸಂದರ್ಭಗಳು ಇವು: ತೋಡಿನೊಳಗೆ ತುಕ್ಕಿನ ಗುಳಿ, ಒಳಗೋಡೆಯಲ್ಲಿ ಆಳವಾದ ಗೀರು, ಮುರಿದ ನಿಪ್ಪಲ್, ಹಾಳಾದ ಎಳೆ, ಬಿರುಕು. ಗುಜರಿಯಿಂದ ತಂದ ಹಳೆಯ ಕ್ಯಾಲಿಪರ್ ಪರಿಹಾರವಲ್ಲ, ಅದನ್ನೂ ಬಿಚ್ಚಿ ಇದೇ ಪರೀಕ್ಷೆ ಮಾಡಬೇಕಾಗುತ್ತದೆ.

ಡಿಸ್ಕಿನ ದಪ್ಪವನ್ನೂ ಈಗಲೇ ಅಳೆಯಿರಿ. ಕನಿಷ್ಠ ದಪ್ಪ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ.

## 7. ತೋಡನ್ನು ಶುಚಿ ಮಾಡುವುದು

ಲೀಕ್ ನಿಂತು ಬ್ರೇಕ್ ಹಿಡಿದುಕೊಳ್ಳುವ ತೊಂದರೆ ಹುಟ್ಟುವುದು ಇಲ್ಲಿ. ಬ್ರೇಕ್ ಒತ್ತಿದಾಗ ಚೌಕ ಸೀಲ್ ಪಿಸ್ಟನ್ ಜೊತೆ ಸ್ವಲ್ಪ ಬಾಗುತ್ತದೆ. ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಪಿಸ್ಟನ್ ಹಿಂದೆ ಸರಿಯಲು ಬೇರೆ ಸ್ಪ್ರಿಂಗ್ ಇಲ್ಲ. ತೋಡಿನ ತಳದಲ್ಲಿ ತುಕ್ಕು, ಒಣಗಿದ ಫ್ಲೂಯಿಡಿನ ಪುಡಿ ಉಳಿದಿದ್ದರೆ ಸೀಲ್ ಮುಂದಕ್ಕೆ ಉಬ್ಬಿಕೊಂಡು ಪಿಸ್ಟನ್ನನ್ನು ಬಿಗಿಯಾಗಿ ಹಿಡಿಯುತ್ತದೆ, ಬಾಗಲು ಜಾಗವೂ ಇರುವುದಿಲ್ಲ.

ಆಲ್ಕೊಹಾಲ್ ಹಾಕಿ, ಬಿದಿರಿನ ಕಡ್ಡಿಯ ತುದಿಯನ್ನು ಚೌಕವಾಗಿ ಕೆತ್ತಿಕೊಂಡು ತೋಡಿನ ಸುತ್ತ ಎಳೆಯಿರಿ. ಮೂಲೆಗಳಿಂದ ಕೊಳೆ ಬರುವುದು ನಿಲ್ಲುವವರೆಗೆ ಬಿಡಬೇಡಿ. ಡಸ್ಟ್ ಬೂಟ್ ಕೂರುವ ಹೊರ ತೋಡಿಗೂ ಇದೇ ಕೆಲಸ. ಬ್ಯಾಂಜೊ ರಂಧ್ರ, ನಿಪ್ಪಲ್ ರಂಧ್ರಗಳಲ್ಲಿ ಕ್ಲೀನರ್ ಹಾಯಿಸಿ, ಒಣಗಲು ಬಿಡಿ. ನೂಲು ಬಿಡುವ ವೇಸ್ಟ್ ಬಟ್ಟೆಯಿಂದ ಒಳಗೆ ಒರೆಸಬೇಡಿ, ಒಂದು ಎಳೆ ಸೀಲಿನ ಕೆಳಗೆ ಸಿಕ್ಕಿದರೆ ಸಾಕು, ಸೋರುತ್ತದೆ.

## 8. ಸೀಲ್, ಬೂಟ್, ಪಿಸ್ಟನ್ ಕೂರಿಸುವುದು

ಕೈ ತೊಳೆದು ಹೊಸ ಕೈಗವಸು ಹಾಕಿಕೊಳ್ಳಿ. ಹೊಸ ಸೀಲನ್ನು ಹೊಸ ಬ್ರೇಕ್ ಫ್ಲೂಯಿಡ್‌ನಲ್ಲಿ ಅದ್ದಿ, ಬೆರಳಿನಿಂದಲೇ ತೋಡಿಗೆ ಕೂರಿಸಿ. ಸುತ್ತ ಬೆರಳಾಡಿಸಿ ಎಲ್ಲೂ ತಿರುಚಿಲ್ಲ, ಎದ್ದಿಲ್ಲ ಎಂದು ನೋಡಿ.

ಬೂಟ್ ಎರಡು ಬಗೆ. ಒಳ ಅಂಚು ಪಿಸ್ಟನ್ನಿನ ಕೊರಳಿಗೆ, ಹೊರ ಅಂಚು ಕ್ಯಾಲಿಪರಿನ ತೋಡಿಗೆ ಕೂರುವ ಬಗೆಯಾದರೆ, ಬೂಟನ್ನು ಮೊದಲು ಪಿಸ್ಟನ್ನಿನ ಒಳತುದಿಗೆ ತೊಡಿಸಿ ಅದರ ಹೊರ ಅಂಚು ತುದಿಯಿಂದ ಹೊರಗೆ ಚಾಚಿರುವಂತೆ ಹಿಡಿಯಿರಿ. ಆ ಅಂಚನ್ನು ತೋಡಿಗೆ ಸುತ್ತಲೂ ಒತ್ತಿ ಕೂರಿಸಿದ ನಂತರವೇ ಪಿಸ್ಟನ್ ಒಳಗೆ ತಳ್ಳಿ. ಪಿಸ್ಟನ್ ಮೊದಲು ಹಾಕಿ ಆಮೇಲೆ ಬೂಟ್ ತುರುಕಲು ಹೋದರೆ ಬೂಟ್ ಹರಿಯುತ್ತದೆ. ಇನ್ನೊಂದು ಬಗೆಯಲ್ಲಿ ಬೂಟಿನ ಸುತ್ತ ಲೋಹದ ಬಳೆ ಅಥವಾ ತಂತಿ ಇರುತ್ತದೆ. ಅಲ್ಲಿ ಪಿಸ್ಟನ್ ಕೂರಿಸಿದ ಮೇಲೆ ಬೂಟ್ ಹಾಕಬೇಕು.

ಪಿಸ್ಟನ್ ಮೈಗೆ ಫ್ಲೂಯಿಡ್ ಸವರಿ, ನೇರವಾಗಿ ಹಿಡಿದು, ಎರಡು ಹೆಬ್ಬೆರಳಿಂದ ಒತ್ತಿ. ಕೈಬಲದಲ್ಲೇ ಹೋಗಬೇಕು. ಓರೆಯಾಗಿ ಸಿಕ್ಕಿಕೊಂಡರೆ ಹೊರಗೆ ತೆಗೆದು ಮತ್ತೆ ಶುರು ಮಾಡಿ. ಕ್ಲ್ಯಾಂಪ್ ಹಾಕಿ ಬಲವಂತವಾಗಿ ಒತ್ತಿದರೆ ಸೀಲಿನ ಅಂಚು ಸೀಳುತ್ತದೆ. ನೇರವಾಗಿದ್ದೂ ಬಿಗಿ ಎನಿಸಿದರೆ ತೋಡು ಇನ್ನೂ ಶುಚಿಯಾಗಿಲ್ಲ, ಅಥವಾ ಕಿಟ್ ಅಳತೆ ಬೇರೆ.

## 9. ಸ್ಲೈಡ್ ಪಿನ್‌ಗಳು

ಪಿನ್ ಜಾರದಿದ್ದರೆ ಒಳಗಿನ ಪ್ಯಾಡ್ ಮಾತ್ರ ಸವೆಯುತ್ತದೆ. ಹಳೆಯ ಪ್ಯಾಡ್‌ಗಳಲ್ಲಿ ಒಂದು ಪೂರ್ತಿ ಸವೆದು ಇನ್ನೊಂದು ದಪ್ಪಗೆ ಉಳಿದಿದ್ದರೆ ಇದೇ ಕಾರಣ.

ಪಿನ್ ಮತ್ತು ಅದರ ರಂಧ್ರದಲ್ಲಿನ ಹಳೆಯ ಗ್ರೀಸ್ ಪೂರ್ತಿ ತೆಗೆದು, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಚಕ್ರದ ಬೇರಿಂಗಿನ ಗ್ರೀಸ್ ಇಲ್ಲಿ ಬೇಡ, ಬೂಟ್ ಉಬ್ಬುತ್ತದೆ. ರಂಧ್ರ ತುಂಬ ಗ್ರೀಸ್ ತುಂಬಿದರೆ ಪಿನ್ ಪೂರ್ತಿ ಒಳಗೆ ಹೋಗುವುದಿಲ್ಲ. ತುದಿಯಲ್ಲಿ ರಬ್ಬರ್ ಇರುವ ಪಿನ್ ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ಕೊನೆಗೆ ಬೆರಳಿಂದ ಒತ್ತಿ ಎಳೆದರೆ ಸಲೀಸಾಗಿ ಆಡಬೇಕು.

## 10. ಮತ್ತೆ ಜೋಡಿಸುವುದು

ಹೊಸ ಕ್ಯಾಲಿಪರ್ ಹಾಕುತ್ತಿದ್ದರೆ ಎಡ ಬಲ ನೋಡಿಕೊಳ್ಳಿ. ಎರಡೂ ಅದಲುಬದಲಾಗಿಯೂ ಬೋಲ್ಟ್ ಕೂರುತ್ತವೆ, ಆದರೆ ಬ್ಲೀಡರ್ ನಿಪ್ಪಲ್ ಕೆಳಗೆ ಬರುತ್ತದೆ. ಆಗ ಎಷ್ಟು ಬ್ಲೀಡ್ ಮಾಡಿದರೂ (ಏರ್ ತೆಗೆದರೂ) ಮೇಲಿನ ಗಾಳಿ ಹೊರಬರುವುದಿಲ್ಲ, ಪೆಡಲ್ ಸ್ಪಂಜಿನಂತೆಯೇ ಉಳಿಯುತ್ತದೆ. ನಿಪ್ಪಲ್ ಸದಾ ಮೇಲ್ಗಡೆ ಇರಬೇಕು.

ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ, ಕ್ಲಿಪ್, ಪ್ಯಾಡ್ ಕೂರಿಸಿ. ಬ್ಯಾಂಜೊಗೆ ಎರಡು ಹೊಸ ತಾಮ್ರದ ವಾಷರ್, ಹೋಸಿನ ಕಣ್ಣಿನ ಎರಡೂ ಬದಿಗೆ ಒಂದೊಂದು. ಒಮ್ಮೆ ಬಿಗಿಯಾದ ವಾಷರ್ ಚಪ್ಪಟೆಯಾಗಿ ಗಟ್ಟಿಯಾಗಿರುತ್ತದೆ, ಮತ್ತೆ ಹಾಕಿದರೆ ಸೋರುತ್ತದೆ. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸ್ ತಿರುಚಿಲ್ಲ, ಟೈರಿಗೆ ತಾಗುವುದಿಲ್ಲ ಎಂದು ನೋಡಿ.

ಬಿಗಿಯ ಅಳತೆ ಸಣ್ಣ ಕಾರುಗಳಲ್ಲಿ ಸುಮಾರು ಹೀಗಿರುತ್ತದೆ: ನಿಪ್ಪಲ್ 6ರಿಂದ 9 ನ್ಯೂಟನ್ ಮೀಟರ್, ಬ್ಯಾಂಜೊ 20ರಿಂದ 30, ಸ್ಲೈಡ್ ಪಿನ್ ಬೋಲ್ಟ್ 22ರಿಂದ 35, ಕ್ಯಾಲಿಪರ್ ಹಿಡಿದಿರುವ ಬ್ರಾಕೆಟ್ ಬಿಚ್ಚಿದ್ದರೆ ಅದರ ಬೋಲ್ಟ್ 70ರಿಂದ 100, ವೀಲ್ ನಟ್ 80ರಿಂದ 110. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳುವುದೇ ಅಂತಿಮ. ಸೋರದಿರಲಿ ಎಂದು ನಿಪ್ಪಲ್ಲಿಗೆ ಬಲ ಹಾಕುವವರೇ ಹೆಚ್ಚು. ಸೋರುವುದು ನಿಲ್ಲುವುದು ನಿಪ್ಪಲ್ ತುದಿಯ ಮೊನೆ ಒಳಗೆ ಕೂರುವುದರಿಂದ, ಹೆಚ್ಚು ಬಿಗಿದರೆ ಎಳೆ ಕಿತ್ತು ಹೋಗುತ್ತದೆ.

## 11. ಏರ್ ತೆಗೆಯುವುದು

ಪೆಡಲಿನ ಕೋಲು ತೆಗೆದು, ಡಬ್ಬಿ ಮ್ಯಾಕ್ಸ್ ಗೆರೆಯವರೆಗೆ ತುಂಬಿಸಿ. ನಿಪ್ಪಲ್ಲಿಗೆ ಪೈಪ್ ಹಾಕಿ, ಇನ್ನೊಂದು ತುದಿಯನ್ನು ಸ್ವಲ್ಪ ಫ್ಲೂಯಿಡ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಮೊದಲು ಪೆಡಲ್ ಮುಟ್ಟದೆ ನಿಪ್ಪಲ್ ಅರ್ಧ ಸುತ್ತು ತೆರೆದು ಹತ್ತು ಹದಿನೈದು ನಿಮಿಷ ಬಿಡಿ. ಖಾಲಿ ಕ್ಯಾಲಿಪರ್ ತನ್ನಷ್ಟಕ್ಕೆ ತುಂಬಿಕೊಳ್ಳುತ್ತದೆ, ಹೆಚ್ಚಿನ ಗಾಳಿ ಹೀಗೇ ಹೋಗುತ್ತದೆ. ಮಧ್ಯೆ ಸ್ಪ್ಯಾನರ್ ಹಿಡಿಯಿಂದ ಕ್ಯಾಲಿಪರನ್ನು ತಟ್ಟಿ. ನಿಪ್ಪಲ್ ಮುಚ್ಚಿ.

ಇನ್ನು ಇಬ್ಬರ ಕೆಲಸ. ಒಳಗಿರುವವರು ಪೆಡಲನ್ನು ನಿಧಾನವಾಗಿ ಒತ್ತಿ "ಹಿಡಿದಿದ್ದೇನೆ" ಎನ್ನಲಿ. ಆಗ ನೀವು ನಿಪ್ಪಲ್ ತೆರೆಯಿರಿ, ಗುಳ್ಳೆ ಬರುತ್ತದೆ, ಪೆಡಲ್ ಇಳಿಯುತ್ತದೆ. ನಿಪ್ಪಲ್ ಮುಚ್ಚಿ "ಬಿಡಿ" ಎಂದ ಮೇಲೆ ಮಾತ್ರ ಕಾಲು ಎತ್ತಬೇಕು. ತೆರೆದಿರುವಾಗ ಕಾಲು ಎತ್ತಿದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಪೆಡಲ್ ಕೆಳಗಿನ ಮರದ ತುಂಡು ಈಗಲೂ ಅಲ್ಲೇ ಇರಲಿ. ಐದಾರು ಸಲಕ್ಕೊಮ್ಮೆ ಡಬ್ಬಿ ನೋಡಿ. ಒಮ್ಮೆ ಖಾಲಿಯಾದರೆ ಶುರುವಿನಿಂದ ಮಾಡಬೇಕು. ಗುಳ್ಳೆ ನಿಂತು ತಿಳಿ ಫ್ಲೂಯಿಡ್ ಬರುವವರೆಗೆ ಮುಂದುವರಿಸಿ.

ಆಚೆ ಬದಿಯನ್ನೂ ಇದೇ ಕ್ರಮದಲ್ಲಿ ಮುಗಿಸಿ. ಡಬ್ಬಿ ಖಾಲಿಯಾಗದೆ ಉಳಿದಿದ್ದರೆ ಮುಂದಿನ ಎರಡು ಚಕ್ರ ಬ್ಲೀಡ್ ಮಾಡಿದರೆ ಸಾಕು. ಖಾಲಿಯಾಗಿದ್ದರೆ ನಾಲ್ಕೂ ಚಕ್ರ, ಮ್ಯಾನ್ಯುಯಲ್‌ನಲ್ಲಿರುವ ಅನುಕ್ರಮದಲ್ಲಿ. ಬಣ್ಣದ ಮೇಲೆ ಚೆಲ್ಲಿದ ಫ್ಲೂಯಿಡನ್ನು ಆಗಲೇ ನೀರು ಹಾಕಿ ತೊಳೆಯಿರಿ, ಬಿಟ್ಟರೆ ಪೇಂಟ್ ಎದ್ದುಬಿಡುತ್ತದೆ.

## 12. ರಸ್ತೆಗಿಳಿಸುವ ಮುನ್ನ

ಕಾರು ಕದಲಿಸುವ ಮೊದಲು ಪೆಡಲ್ ಕೆಳಗಿನ ಮರದ ತುಂಡು ತೆಗೆದು, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಪಿಸ್ಟನ್ ಒಳಗಿರುವಾಗ ಮೊದಲ ಕೆಲವು ಒತ್ತಿಗೆ ಬ್ರೇಕ್ ಇರುವುದಿಲ್ಲ. ಇದನ್ನು ಮರೆತು ರಿವರ್ಸ್ ಹಾಕಿ ಗೋಡೆಗೆ ಗುದ್ದುವುದು ಬಹಳ ಸುಲಭ.

ಎಂಜಿನ್ ನಿಲ್ಲಿಸಿಯೇ ಪೆಡಲನ್ನು ಗಟ್ಟಿಯಾಗಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಇಳಿಯಬಾರದು. ಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಿದರೆ, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಇರುವ ಕಾರಿನಲ್ಲಿ, ಸ್ವಲ್ಪ ಇಳಿದು ನಿಲ್ಲುತ್ತದೆ. ಅದು ಬೂಸ್ಟರ್ ಕೆಲಸ ಮಾಡುತ್ತಿರುವ ಗುರುತು. ನಂತರ ಬೂಟ್, ಬ್ಯಾಂಜೊ, ನಿಪ್ಪಲ್ ಮೂರಕ್ಕೂ ಒಣ ಟಿಶ್ಯೂ ಒತ್ತಿ ನೋಡಿ. ಚಕ್ರ ಹಾಕುವ ಮುನ್ನ ಪೆಡಲ್ ಬಿಟ್ಟು ಡಿಸ್ಕ್ ಕೈಯಿಂದ ತಿರುಗಿಸಿ, ಪ್ಯಾಡಿನ ಸಣ್ಣ ಸದ್ದಿನೊಂದಿಗೆ ತಿರುಗಬೇಕು.

ಬ್ರೇಕ್ ಲೈಟ್ ಫ್ಯೂಸ್ ಮತ್ತೆ ಹಾಕಿ. ಜನವಿಲ್ಲದ ರಸ್ತೆಯಲ್ಲಿ 10ರಿಂದ 20 ಕಿ.ಮೀ. ವೇಗದಲ್ಲಿ ಕೆಲವು ಸಲ ನಿಲ್ಲಿಸಿ ನೋಡಿ. ಸರಿ ಎನಿಸಿದ ಮೇಲೆ 50ರಿಂದ 10 ಕಿ.ಮೀ. ವೇಗಕ್ಕೆ ಎಂಟು ಹತ್ತು ಸಲ ಮಧ್ಯಮ ಬ್ರೇಕ್ ಹಾಕಿ, ನಡುವೆ ಡಿಸ್ಕ್ ತಣಿಯಲು ಬಿಡಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವುದು ಹೀಗೆ. ಮೊದಲ ವಾರ ದಿನವೂ ಡಬ್ಬಿ ಮಟ್ಟ ನೋಡಿ. ಅದು ಸ್ಥಿರವಾಗಿ ನಿಲ್ಲುವವರೆಗೆ ಘಾಟಿ ಕಡೆಗೆ ಹೋಗಬೇಡಿ.

## 13. ಮತ್ತೆ ತೊಂದರೆ ಕಂಡರೆ

ಪೆಡಲ್ ಸ್ಪಂಜಿನಂತಿದೆ. ಗಾಳಿ ಉಳಿದಿದೆ. ನಿಪ್ಪಲ್ ಮೇಲ್ಗಡೆ ಇದೆಯೇ ನೋಡಿ, ಮತ್ತೆ ಬ್ಲೀಡ್ ಮಾಡಿ. ಆಗಲೂ ಹಾಗೇ ಇದ್ದರೆ ಪೆಡಲ್ ಒತ್ತಿದಾಗ ಹಳೆಯ ಹೋಸ್ ಉಬ್ಬುತ್ತದೆಯೇ ಗಮನಿಸಿ.

ಚಕ್ರ ಹಿಡಿದುಕೊಳ್ಳುತ್ತದೆ, ಕಾಯುತ್ತದೆ. ಹಿಡಿದಿರುವಾಗಲೇ ಚಕ್ರ ಎತ್ತಿ ನಿಪ್ಪಲ್ ಸ್ವಲ್ಪ ತೆರೆಯಿರಿ. ಫ್ಲೂಯಿಡ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ: ಹೋಸಿನ ಒಳಪದರ ಅಥವಾ ಮಾಸ್ಟರ್ ಸಿಲಿಂಡರ್. ತೆರೆದರೂ ಬಿಡದಿದ್ದರೆ ಪಿನ್ ಅಥವಾ ಪಿಸ್ಟನ್. ಪಿಸ್ಟನ್ ಆದರೆ 7ನೇ, ಪಿನ್ ಆದರೆ 9ನೇ ಹಂತಕ್ಕೆ ಹಿಂತಿರುಗಿ.

ಒಂದು ಕಡೆಗೆ ಎಳೆಯುತ್ತದೆ. ಬಲಕ್ಕೆ ಎಳೆದರೆ ಎಡಚಕ್ರ ಸರಿಯಾಗಿ ಹಿಡಿಯುತ್ತಿಲ್ಲ. ಎಡಗಡೆಯ ಪ್ಯಾಡಿಗೆ ಫ್ಲೂಯಿಡ್ ಅಥವಾ ಗ್ರೀಸ್ ತಾಗಿದೆಯೇ, ಪಿನ್ ಬಿಗಿಯಾಗಿದೆಯೇ ನೋಡಿ.

ಬೂಟಿನಿಂದ ಮತ್ತೆ ಒದ್ದೆ. ಹಳೆಯ ಪಿಸ್ಟನ್ ಉಳಿಸಿಕೊಂಡಿದ್ದರೆ ಅದನ್ನೇ ಮೊದಲು ಅನುಮಾನಿಸಿ. ಹೊಸ ಪಿಸ್ಟನ್, ಹೊಸ ಸೀಲ್ ಎರಡೂ ಇದ್ದು ಸೋರಿದರೆ ತೋಡು ಹೋಗಿದೆ. ಮೂರನೇ ಕಿಟ್ ಕೊಳ್ಳಬೇಡಿ, ಕ್ಯಾಲಿಪರ್ ಬದಲಾಯಿಸಿ.

ಬಾಟಲಿಯಲ್ಲಿ ಉಳಿದ ಹಳೆಯ ಫ್ಲೂಯಿಡ್ ವಿಷ. ಮೋರಿಗೆ, ಮಣ್ಣಿಗೆ ಸುರಿಯದೆ, ಮಕ್ಕಳು, ದನ, ನಾಯಿಗಳ ಕೈಬಾಯಿಗೆ ಸಿಗದಂತೆ ಮುಚ್ಚಿಟ್ಟು, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಎಂಜಿನ್ ಆಯಿಲಿನ ಡಬ್ಬಕ್ಕೆ ಬೆರೆಸದೆ ಬೇರೆಯಾಗಿಯೇ ಕೊಡಿ. ಹೊಸ ಫ್ಲೂಯಿಡ್ ಹಾಕಿದ ತಿಂಗಳು, ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಹತ್ತಿರ ಅಂಟಿಸಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.